ಜಮಖಾನೆ ತರೋ ಮುಂಚೆ ನೆಲ ಅಳೀರಿ

ಹೊಸಪೇಟೆಯ ಅಂಗಡಿಯೊಂದರಲ್ಲಿ ಗಂಡ ಹೆಂಡತಿ ಕಾರ್ಪೆಟ್ ನೋಡ್ತಿದ್ರು. ಬಣ್ಣ ಆರಿಸಿಯಾಯ್ತು. ಅಳತೆ ಕೇಳಿದ್ರೆ, "ಹಾಲ್‌ಗೆ ಆಗೋವಷ್ಟು ಕೊಡಿ ಅಣ್ಣಾ" ಅಂದ್ರು.

ಅಳತೆನೇ ಮೊದಲು ಕಣ್ರೀ! 10×12 ಅಡಿ ಕೋಣೆಗೆ 6×9 ಚೆಂದ. ಸುತ್ತ ಒಂದೂವರೆ, ಎರಡು ಅಡಿ ನೆಲ ಕಾಣಬೇಕು, ಸೋಫಾದ ಮುಂಗಾಲಾದ್ರೂ ಕಾರ್ಪೆಟ್ ಮೇಲಿರಬೇಕು. ನಟ್ಟನಡುವೆ 3×5 ಹಾಸಿದ್ರೆ ಕೋಣೆನೇ ಚಿಕ್ಕದಾಗಿ ಕಾಣುತ್ತೆ. ಸೀಮೆಸುಣ್ಣದಲ್ಲಿ ನೆಲಕ್ಕೆ ಗೆರೆ ಎಳೆದು ಒಂದು ದಿನ ಓಡಾಡಿ ನೋಡಿ. ಬಾಗಿಲು ತೆಗೆದಾಗ ತಾಗುತ್ತಾ ಅಂತಾನೂ ಗೊತ್ತಾಗುತ್ತೆ.

ಗೋಡೆಯಿಂದ ಗೋಡೆಗೆ ಹಾಸೋದಂತೂ ನಮ್ಮ ಕಡೆಗೆ ಬೇಡವೇ ಬೇಡ. ಸಂಡೂರಿನ ಅದಿರು ಲಾರಿ ಓಡಾಡೋ ರಸ್ತೆ ಪಕ್ಕದ ಮನೆಗಳಲ್ಲಿ ಕಿಟಕಿ ಹಾಕಿದ್ರೂ ಕೆಂಧೂಳು ಒಳಗೇ. ಇಬ್ಬರು ಹಿಡಿದು ಮಾಳಿಗೆ ಮೇಲೆ ಕೊಡವೋಕೆ ಆಗೋವಷ್ಟು ದೊಡ್ಡದಿದ್ರೆ ಸಾಕು.

ಅದಕ್ಕೇ ನನಗೆ ನವಲಗುಂದದ ಜಮಖಾನೆ ಇಷ್ಟ. ಹತ್ತಿ ನೂಲಿನದು, ಮಡಚಿ ಇಡಬಹುದು. ಅಲ್ಲಿನ ಹೆಣ್ಮಕ್ಕಳು ಕೈಮಗ್ಗದಲ್ಲಿ ನೇಯ್ದ ನವಿಲು ನೋಡ್ತಾ ಕೂತ್ರೆ ಏಳೋಕೆ ಮನಸ್ಸಾಗಲ್ಲ. ಜಿಐ (ಭೌಗೋಳಿಕ ಸೂಚಕ) ಮಾನ್ಯತೆನೂ ಇದೆ.

ಕಂಪ್ಲಿ, ಸಂಡೂರಿನವರೇ, ನಿಮ್ಮ ಹಾಲ್‌ನಲ್ಲಿ ಎಷ್ಟು ಅಡಿದು ಹಾಸಿದ್ದೀರಿ? ಧೂಳಿಗೆ ಏನ್ ಮಾಡ್ತೀರಿ?