ತಿರುಗಿದರೆ ಬಟ್ಟೆ ಬದಲಾಗುತ್ತಾ?

1997ರಲ್ಲಿ ದೂರದರ್ಶನದಲ್ಲಿ ಶಕ್ತಿಮಾನ್ ಶುರುವಾದಾಗ ಭದ್ರಾವತಿಯ ಪೇಪರ್ ಟೌನಿನಲ್ಲಿ ನಾವೆಲ್ಲ ಅವನ ಹಾಗೇ ಗಿರಗಿರ ತಿರುಗಿದವರೇ. ತಲೆ ಸುತ್ತಿತೇ ಹೊರತು ಬಟ್ಟೆ ಬದಲಾಗಲಿಲ್ಲ ಬಿಡಿ :)

ಈಗ ಮಗಳ ದೆಸೆಯಿಂದ ಜಪಾನಿನ ಮಾಂತ್ರಿಕ ಹುಡುಗಿಯರ ಅನಿಮೆ ನೋಡುತ್ತಿದ್ದೇನೆ. ಅಲ್ಲೂ ಇದೇ ವೇಷ ಬದಲಾವಣೆ. 1969ರ ಅಕ್ಕೋ-ಚಾನ್ ಕನ್ನಡಿಗೆ ಹೇಳಿದರೆ ಸಾಕು, ಬೇಕಾದ್ದು ಆಗಿಬಿಡುತ್ತಿದ್ದಳು. 1992ರ ಸೈಲರ್ ಮೂನ್ ಹೊತ್ತಿಗೆ ಅದು ಬಣ್ಣ, ರಿಬ್ಬನ್ನು, ಸಂಗೀತ ಸೇರಿದ ಪುಟ್ಟ ನೃತ್ಯವೇ ಆಗಿಹೋಗಿತ್ತು. ಒಮ್ಮೆ ಚೆನ್ನಾಗಿ ಬರೆದಿಟ್ಟರೆ ವಾರವಾರವೂ ಅದೇ ತುಣುಕು ಹಾಕಬಹುದು, ಕೆಲಸವೂ ಉಳಿಯಿತು! 2004ರ ಪ್ರಿಟಿ ಕ್ಯೂರ್‌ನಲ್ಲಿ ಇಬ್ಬರು ಕೈ ಹಿಡಿದರೇನೇ ಆಗೋದು.

ನನಗೆ ಹಿಡಿಸಿದ್ದು ಮಾತ್ರ 1998ರ ಕಾರ್ಡ್‌ಕ್ಯಾಪ್ಟರ್ ಸಕುರಾ. ಇವಳ ಕೈಯಲ್ಲಿ ಮಂತ್ರದಂಡವಿದೆ, ಆದರೆ ಮಂತ್ರದಿಂದ ಬಟ್ಟೆ ಬರೋದಿಲ್ಲ. ಗೆಳತಿ ತೊಮೊಯೊ ಹೊಲಿದು ತರುತ್ತಾಳೆ, ಹೊಸಹೊಸದು.

ನಮ್ಮಮ್ಮನೂ ಹಾಗೇ. ಸ್ಕೂಲ್ ಡೇ ಬಂತೆಂದರೆ ಬೀದಿಯ ಮಕ್ಕಳಿಗೆಲ್ಲ ವೇಷದ ಬಟ್ಟೆ ಹೊಲಿಯುತ್ತಿದ್ದಳು. ಲೇಸು, ಜರಿ ತರಲು ಬಸ್ಸು ಹತ್ತಿ ಶಿವಮೊಗ್ಗದ ಗಾಂಧಿ ಬಜಾರಿಗೆ. ರಾತ್ರಿಯೆಲ್ಲ ಮೆಷಿನ್ನಿನ ಟಕಟಕ. ಮರುದಿನ ವೇದಿಕೆ ಮೇಲೆ ರಾಧೆ, ಒನಕೆ ಓಬವ್ವ... ಚಪ್ಪಾಳೆಯೋ ಚಪ್ಪಾಳೆ. ಹೊಲಿದ ದುಡ್ಡು ಮಾತ್ರ ಎಷ್ಟೋ ಮನೆಗಳಿಂದ ಬರಲೇ ಇಲ್ಲ. ತೊಮೊಯೊಗೂ ಯಾರೂ ದುಡ್ಡು ಕೊಡೋದಿಲ್ಲ, ಆದರೆ ಅವಳು ಶ್ರೀಮಂತರ ಮನೆ ಹುಡುಗಿ ಸ್ವಾಮಿ!

ಅಮ್ಮನಿಗೀಗ ಸೂಜಿಯ ಕಣ್ಣು ಕಾಣಿಸುವುದಿಲ್ಲ. ಮೊಮ್ಮಗಳು ಸಕುರಾಳ ಫ್ರಾಕು ಕೇಳಿದಾಗ "ಆನ್‌ಲೈನಲ್ಲಿ ತರಿಸೇ" ಅಂದಳು. ಇವಳು ಒಪ್ಪಬೇಕಲ್ಲ? ದಾರ ಪೋಣಿಸುವುದು ಮಗಳು, ಕತ್ತರಿಸುವುದು ನಾನು, ಬೈಯುವುದು ಅಮ್ಮ. ಎಡಗಡೆ ತೋಳು ಇನ್ನೂ ಸರಿಯಾಗಿ ಕೂತಿಲ್ಲ.