ಚೆಕ್ಕಿನ ಮೇಲಿನ ಹಳೆಯ ವಿಳಾಸ

2014ರಲ್ಲಿ ಕುಂದಾಪುರದ ಜಿನಸಿ ಅಂಗಡಿಯನ್ನು ಮುಚ್ಚಿ, ಸಂಸಾರಸಮೇತ ಬ್ರಹ್ಮಾವರಕ್ಕೆ ಬಂದು ಅಲ್ಲಿಯೇ ಸಣ್ಣದಾಗಿ ವ್ಯಾಪಾರವನ್ನು ಮುಂದುವರಿಸಿದಾಗ, ನನ್ನ ಚೆಕ್‌ಪುಸ್ತಕದಲ್ಲಿ ಇನ್ನೂ ಮೂವತ್ತಕ್ಕೂ ಮಿಕ್ಕಿ ಹಾಳೆಗಳು ಉಳಿದಿದ್ದವು. ನಮ್ಮ ದೇಶದ ಚೆಕ್ಕುಗಳಲ್ಲಿ ಶಾಖೆಯ ವಿಳಾಸವಿರುತ್ತದೆಯೇ ಹೊರತು ಖಾತೆದಾರನ ವಿಳಾಸ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ನಾನು ಸಹಿಯ ಜೊತೆಗೆ ಒತ್ತುತ್ತಿದ್ದ ರಬ್ಬರ್ ಮೊಹರಿನಲ್ಲಿ ಅಂಗಡಿಯ ಹೆಸರೂ ‘ಮುಖ್ಯರಸ್ತೆ, ಕುಂದಾಪುರ’ ಎಂಬ ವಿಳಾಸವೂ ಇದ್ದವು. ಹೊಸ ಮೊಹರು ಮಾಡಿಸಲು ಆಲಸ್ಯ. ಬ್ಯಾಂಕಿನಲ್ಲಿಯೂ ಹಳೆಯ ವಿಳಾಸ ಮತ್ತು ಹಳೆಯ ಅಂಗಡಿಯ ದೂರವಾಣಿ ಸಂಖ್ಯೆಯೇ ಉಳಿದವು. ಖಾತೆ ನನ್ನದು, ಹಣ ನನ್ನದು, ಸಹಿ ನನ್ನದು. ವಿಳಾಸ ಹಳತಾದರೆ ಯಾರಿಗೇನು ನಷ್ಟವೆಂದು ಭಾವಿಸಿದ್ದೆ.

ಕುಂದಾಪುರದ ಅಂಗಡಿಗೆ ಬಂದಿದ್ದ ಕೊನೆಯ ಲೋಡು ತೆಂಗಿನಕಾಯಿಯ ಬಾಬ್ತು ಬೈಂದೂರಿನ ವರ್ತಕರೊಬ್ಬರಿಗೆ ₹38,400 ಸಲ್ಲಬೇಕಿತ್ತು. ಲಾರಿಯವನ ಕೈಯಲ್ಲಿ ಚೆಕ್ಕನ್ನು ಕಳುಹಿಸಿದೆ. ಹೊಸ ಕಟ್ಟಡಕ್ಕೆ ಮುಂಗಡ ಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯದೆ ಬರೆದಿದ್ದ ಕಾರಣ, ಹಣ ಸಾಲದೆ ಅದು ಹಿಂದಿರುಗಿತು. ಬಿ.ಕಾಂ. ಓದಿದವನ ಲೆಕ್ಕ ಇದು! ಅವರು ದೂರವಾಣಿ ಮಾಡಿದರು, ಸಂಪರ್ಕ ಕಡಿದಿತ್ತು. ಮೊಹರಿನಲ್ಲಿದ್ದ ವಿಳಾಸಕ್ಕೆ ವಕೀಲರ ಮೂಲಕ ರಿಜಿಸ್ಟರ್ಡ್ ನೋಟೀಸು ಕಳುಹಿಸಿದರು. ಸ್ಥಳ ಬಿಟ್ಟು ಹೋಗಿದ್ದಾರೆಂಬ ಷರಾದೊಡನೆ ಅದೂ ಮರಳಿತು.

ಈ ಸಂಗತಿ ಹಳೆಯ ಅಂಗಡಿಯ ನೆರೆಯವರಿಂದ ನನ್ನ ಕಿವಿಗೆ ಬಿತ್ತು. ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಚೆಕ್ಕು ಅಮಾನ್ಯವಾದ ಸುದ್ದಿ ತಿಳಿದ ಮೂವತ್ತು ದಿನಗಳೊಳಗೆ ನೋಟೀಸು ಕಳುಹಿಸಬೇಕು, ತಲುಪಿದ ಹದಿನೈದು ದಿನಗಳೊಳಗೆ ಹಣ ಸಲ್ಲದಿದ್ದರೆ ಮಾತ್ರ ಮೊಕದ್ದಮೆ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಹೋದದ್ದು ತಲುಪಿತೆಂದೇ ಭಾವಿಸತಕ್ಕದ್ದೆಂದು 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ ಎಂದು ವಿವರಿಸಿದ ಅವರು, ‘ನಿಮ್ಮದು ಸರಿಯಾದ ವಿಳಾಸವೇ ಅಲ್ಲವಲ್ಲ, ಸುಮ್ಮನಿರಿ’ ಎಂದರು.

ನಾನು ಎರಡು ದಿನ ಸುಮ್ಮನಿದ್ದೆ. ಇದನ್ನು ಬರೆಯಲು ಇಷ್ಟು ವರ್ಷ ಹಿಡಿಯಿತು.

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿದೆ. ಸ್ವಾಧ್ಯಾಯದಲ್ಲಿ ಎಷ್ಟೋ ಸಲ ಇದನ್ನು ವಿವರಿಸಿದವನು ನಾನು. ಕಳ್ಳಸಹಿ, ಖೋಟಾ ಪತ್ರ, ಎರಡು ಬಗೆಯ ಲೆಕ್ಕದ ಪುಸ್ತಕಗಳೆಂದು ಉದಾಹರಣೆ ಕೊಡುತ್ತಿದ್ದೆ. ಆ ಮೊಹರನ್ನು ಒತ್ತಿದಾಗ ನನ್ನಲ್ಲಿದ್ದುದು ಪ್ರಮಾದ. ನೋಟೀಸು ಮರಳಿದ್ದನ್ನು ತಿಳಿದೂ ಸುಮ್ಮನಿದ್ದ ಎರಡು ದಿನಗಳಲ್ಲಿ ಅದೇ ಮೊಹರು ಕೂಟಲೇಖವಾಯಿತು. ಅಕ್ಷರ ಬದಲಾಗಲಿಲ್ಲ, ನನ್ನ ಭಾವ ಬದಲಾಯಿತು.

ಮೂರನೆಯ ದಿನ ಬೈಂದೂರಿನವರು ಎರಡು ಬಸ್ಸು ಹಿಡಿದು, ಕುಂದಾಪುರದಲ್ಲಿ ಇಳಿದು ವಿಚಾರಿಸಿ, ಬ್ರಹ್ಮಾವರಕ್ಕೆ ಬಂದರು. ಜಗಳವಾಡಲಿಲ್ಲ. ‘ಎಂತ ಹೆಗ್ಡೇರೆ, ಊರ್ ಬಿಡೂಕ್ ಮುಂಚೆ ಒಂದ್ ಮಾತ್ ಹೇಳೂಕ್ ಆಯ್ಲಿಲ್ಯಾ?’ ಎಂದಷ್ಟೇ ಕೇಳಿದರು. ತೋಟದವರಿಗೆ ಅವರು ಬೇರೆ ಕಡೆಯಿಂದ ಬಡ್ಡಿಗೆ ತಂದು ಹಣ ಕೊಟ್ಟಿದ್ದರು. ಅಸಲು, ಆ ಬಡ್ಡಿ, ನೋಟೀಸಿನ ಖರ್ಚು ಎಲ್ಲವನ್ನೂ ಅಂದೇ ನಗದಾಗಿ ಕೊಟ್ಟೆ. ಬಸ್ಸಿನ ಹಣವನ್ನು ಮಾತ್ರ ಅವರು ತೆಗೆದುಕೊಳ್ಳಲಿಲ್ಲ.

ಬಸದಿಗಳ ಟ್ರಸ್ಟುಗಳಲ್ಲಿ ಲೆಕ್ಕ ನೋಡುವವರಿಗೆ ಒಂದು ಮಾತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದ ಬಳಿಕ ಕರಾವಳಿಯ ಅಸಂಖ್ಯ ಖಾತೆಗಳ ಚೆಕ್‌ಪುಸ್ತಕಗಳು ಬದಲಾದವು. ನಾನು ಬಲ್ಲ ಒಂದು ಟ್ರಸ್ಟಿನ ಹೊಸ ಪುಸ್ತಕ ಅಂಚೆಯಲ್ಲಿ ಹೋದದ್ದು ತೀರಿಕೊಂಡ ಕೋಶಾಧಿಕಾರಿಯ ಮನೆಗೆ. ದಾಖಲೆಯಲ್ಲಿದ್ದುದು ಅದೇ ವಿಳಾಸ. ಸಲ್ಲಿಸಿದ ದಾಖಲೆಗಳಲ್ಲಿ ಬದಲಾವಣೆಯಾದರೆ ಮೂವತ್ತು ದಿನಗಳೊಳಗೆ ಬ್ಯಾಂಕಿಗೆ ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿರ್ದೇಶ. ಬ್ಯಾಂಕಿಗೆ ತಿಳಿಸಿದರಷ್ಟೇ ಸಾಲದು, ನಮ್ಮ ಚೆಕ್ಕನ್ನು ನಂಬಿ ಸರಕು ಕೊಡುವವನಿಗೂ ತಿಳಿಸಬೇಕು.

ಉಳಿದ ಹಾಳೆಗಳನ್ನು ಶಾಖೆಗೆ ಮರಳಿಸಿ, ವಿಳಾಸ ಬದಲಿಸಿ, ಹೊಸ ಮೊಹರು ಮಾಡಿಸಿದೆ. ಅದರಲ್ಲಿ ‘ಉಡುಪಿ ತಾಲೂಕು’ ಎಂದಿತ್ತು. ಬ್ರಹ್ಮಾವರವೂ ಬೈಂದೂರೂ ಪ್ರತ್ಯೇಕ ತಾಲೂಕುಗಳಾದ ಮೇಲೆ ಅದನ್ನೂ ಬದಲಿಸಿ, ಬೈಂದೂರಿನವರಿಗೆ ಒಂದು ಕಾರ್ಡು ಬರೆದೆ. ಮನೆ ಕದಲದೆಯೇ ಅವರ ತಾಲೂಕೂ ಬದಲಾಗಿತ್ತು. ಮರುಟಪಾಲಿಗೆ ಅವರು ತಮ್ಮ ಹೊಸ ವಿಳಾಸವನ್ನು ಬರೆದು ಕಳುಹಿಸಿದರು.