ಬೂಟಿನೊಳಗಿನ ಚಿಲ್ಲರೆ

ಅಮೆರಿಕದ ಬೋಸ್ಟನ್ ನಗರದ ಅಗ್ನಿಶಾಮಕ ಸಿಬ್ಬಂದಿಯ ಸಂಘಕ್ಕೆ ಲೋಕಲ್ 718 ಎಂದು ಹೆಸರು. ಅಮೆರಿಕ ಮತ್ತು ಕೆನಡಾಗಳ ಅಗ್ನಿಶಾಮಕರ ಮಾತೃಸಂಘ ಊರೂರಿನ ಘಟಕಗಳನ್ನು ಲೋಕಲ್ ಎಂದು ಕರೆದು ಒಂದೊಂದಕ್ಕೂ ಸಂಖ್ಯೆ ಕೊಟ್ಟಿದೆ. ಪಿಟ್ಸ್‌ಬರ್ಗಿನದು 1, ಷಿಕಾಗೊದ್ದು 2, ನ್ಯೂಯಾರ್ಕಿನದು 94. ಇವೆಲ್ಲ ಸೇರಿದರೆ ಸದಸ್ಯರ ಸಂಖ್ಯೆ ಮೂರು ಲಕ್ಷ ದಾಟುತ್ತದೆ. ಆದರೆ ಸಂಘದ ಉಸಿರಿರುವುದು ಆ ದೊಡ್ಡ ಲೆಕ್ಕದಲ್ಲಲ್ಲ, ಒಂದೊಂದು ಊರಿನ ಒಂದೊಂದು ಲೋಕಲ್‌ನಲ್ಲಿ.

ಬೋಸ್ಟನ್ನಿನ ಡಾರ್ಚೆಸ್ಟರ್ ಬಡಾವಣೆಯಲ್ಲಿ ಲೋಕಲ್ 718ಕ್ಕೆ ಸ್ವಂತ ಸಭಾಂಗಣವಿದೆ. ಕ್ರೈಸ್ತರು ಬೆಂಕಿಯಿಂದ ಕಾಯುವವನೆಂದು ನಂಬುವ ಸಂತ ಫ್ಲೋರಿಯನ್‌ನ ಹೆಸರು ಅದಕ್ಕೆ. ನಾಲ್ಕನೆಯ ಶತಮಾನದ ಆರಂಭದಲ್ಲಿ ಈ ರೋಮನ್ ಅಧಿಕಾರಿಯ ಕೊರಳಿಗೆ ಕಲ್ಲು ಕಟ್ಟಿ ನದಿಗೆ ನೂಕಿದರೆಂದು ಐತಿಹ್ಯ ಹೇಳುತ್ತದೆ. ಸಂಘದ ಸಭೆಗಳು ಫ್ಲೋರಿಯನ್ ಹಾಲ್‌ನಲ್ಲೇ ಸೇರುತ್ತವೆ. ಚುನಾವಣೆ ಬಂದಾಗ ಸುತ್ತಲಿನ ನಿವಾಸಿಗಳು ಮತ ಹಾಕಲು ಬರುವುದೂ ಅಲ್ಲಿಗೇ. ಅದು ಸಂಘದ ಮನೆಯೂ ಹೌದು, ಊರಿನ ಜಗಲಿಯೂ ಹೌದು.

ಸಂಘ ಹುಟ್ಟಿದ್ದು ಸೇವೆಗೆಂದಲ್ಲ, ಸಂಬಳ ಮತ್ತು ದುಡಿಮೆಯ ಹೊತ್ತಿಗಾಗಿ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಅಗ್ನಿಶಾಮಕ ನೌಕರನಿಗೆ ಠಾಣೆಯೇ ಮನೆ. ಹಗಲಿರುಳು ಅಲ್ಲೇ ಇರಬೇಕು; ಹೆಂಡತಿ ಮಕ್ಕಳ ಮುಖ ಕಾಣುವುದು ಊಟದ ಬಿಡುವಿನಲ್ಲಿ, ಇಲ್ಲವೇ ಅಪರೂಪಕ್ಕೆ ಸಿಗುವ ರಜೆಯಲ್ಲಿ. ದಿನವನ್ನು ಎರಡು ಪಾಳಿಗಳಾಗಿ ಮಾಡಿ ಎಂಬುದು ಅವರ ಮೊದಲ ಬೇಡಿಕೆಗಳಲ್ಲೊಂದು. 1918ರ ಫೆಬ್ರುವರಿ 28ರಂದು ವಾಷಿಂಗ್ಟನ್‌ನಲ್ಲಿ ಊರೂರಿನ ಪ್ರತಿನಿಧಿಗಳು ಸೇರಿ ಮಾತೃಸಂಘವನ್ನು ಕಟ್ಟಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಬೋಸ್ಟನ್ನಿನ ಸಾವಿರಕ್ಕೂ ಹೆಚ್ಚು ಪೊಲೀಸರು ಮುಷ್ಕರ ಹೂಡಿದರು. ನಗರದಲ್ಲಿ ಲೂಟಿ ನಡೆಯಿತು, ರಾಜ್ಯದ ಕಾವಲು ಪಡೆ ಇಳಿಯಿತು, ಮುಷ್ಕರ ಹೂಡಿದವರೆಲ್ಲ ಕೆಲಸ ಕಳೆದುಕೊಂಡರು. ಊರು ಕಾಯುವ ನೌಕರರು ಸಂಘ ಕಟ್ಟುವುದೆಂದರೆ ಜನ ಅನುಮಾನದಿಂದ ನೋಡುವ ಕಾಲ ಬಂತು. 1930ರಲ್ಲಿ ಅಗ್ನಿಶಾಮಕರ ಮಾತೃಸಂಘ ಮುಷ್ಕರ ಹೂಡುವುದಿಲ್ಲವೆಂದು ತನ್ನ ನಿಯಮಾವಳಿಯಲ್ಲೇ ಬರೆದುಕೊಂಡಿತು. ಆ ನಿಯಮವನ್ನು ತೆಗೆದದ್ದು 1968ರಲ್ಲಿ.

ಮುಷ್ಕರವೆಂಬ ಆಯುಧವನ್ನು ಕೆಳಗಿಟ್ಟ ಕಾರ್ಮಿಕರ ಕೈಯಲ್ಲಿ ಉಳಿಯುವ ಬಲ ಒಂದೇ, ಊರಿನ ನಂಬಿಕೆ. ಅದು ಚೌಕಾಸಿಯಿಂದ ದಕ್ಕುವುದಿಲ್ಲ. ದಿನದಿನವೂ ಸಂಪಾದಿಸಿಕೊಳ್ಳಬೇಕು.

ಈ ಸಂಪಾದನೆಗೆ ಬೇಕಾದ ಪಾಠ ಮೊದಲಾಗುವುದು ಠಾಣೆಯ ಅಡುಗೆಮನೆಯಲ್ಲಿ. ಅಮೆರಿಕದ ಬಹಳಷ್ಟು ನಗರಗಳಲ್ಲಿ ಪಾಳಿ 24 ಗಂಟೆಯದು. ಬೆಳಿಗ್ಗೆ ಬಂದವರು ತಲಾ ಇಷ್ಟೆಂದು ದುಡ್ಡು ಹಾಕಿ ಸಾಮಾನು ತರುತ್ತಾರೆ. ಕೊಳ್ಳಲು ಹೋಗುವುದೂ ಗುಂಪಾಗಿ, ಫೈರ್ ಎಂಜಿನ್ನಿನಲ್ಲೇ. ಅಂಗಡಿಯಲ್ಲಿರುವಾಗ ಕರೆ ಬಂದರೆ ತುಂಬಿದ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಬೇಕು. ಒಬ್ಬ ಅಡುಗೆಗೆ ನಿಲ್ಲುತ್ತಾನೆ, ಹೊಸಬರು ಪಾತ್ರೆ ತೊಳೆಯುತ್ತಾರೆ, ಉದ್ದನೆಯ ಮೇಜಿನ ಸುತ್ತ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ತಟ್ಟೆಗೆ ಬಡಿಸಿಕೊಂಡ ಹೊತ್ತಿಗೇ ಗಂಟೆ ಬಾರಿಸಿದರೆ ಕುರ್ಚಿಗಳು ಹಿಂದಕ್ಕೆ ಸರಿಯುತ್ತವೆ, ಒಲೆ ಆರುತ್ತದೆ, ಒಂದು ನಿಮಿಷದಲ್ಲಿ ಮೇಜಿನ ಬಳಿ ಯಾರೂ ಇರುವುದಿಲ್ಲ. ಎರಡು ತಾಸಿನ ಮೇಲೆ ಹೊಗೆಯ ವಾಸನೆ ಹೊತ್ತು ಬಂದವರು ಅದೇ ಊಟವನ್ನು ಬಿಸಿಮಾಡಿ ಮತ್ತೆ ಕೂರುತ್ತಾರೆ. ಈ ಮೇಜಿನ ಮುಂದೆ ಯಾವುದೂ ಗುಟ್ಟಾಗಿ ಉಳಿಯುವುದಿಲ್ಲ. ಒಬ್ಬನ ಮನೆಯ ಸೂರು ಸೋರುತ್ತಿರುವುದು, ಇನ್ನೊಬ್ಬನ ತಾಯಿ ಆಸ್ಪತ್ರೆ ಸೇರಿರುವುದು ಊಟ ಮುಗಿಯುವುದರೊಳಗೆ ಎಲ್ಲರಿಗೂ ತಿಳಿದಿರುತ್ತದೆ. ರಜೆಯ ದಿನ ನಾಲ್ವರು ಹೋಗಿ ಸೂರು ರಿಪೇರಿ ಮಾಡುತ್ತಾರೆ. ತಾಯಿಯನ್ನು ನೋಡಿಕೊಳ್ಳಬೇಕಾದವನ ಪಾಳಿಯನ್ನು ಬೇರೆಯವರು ಹಂಚಿಕೊಳ್ಳುತ್ತಾರೆ. ತಮ್ಮವರ ಕಷ್ಟಕ್ಕೆ ಹೆಗಲು ಕೊಟ್ಟು ರೂಢಿಯಾದವರಿಗೆ ಊರಿನವರ ಕಷ್ಟ ಹೊರಗಿನದೆನಿಸುವುದಿಲ್ಲ.

1950ರ ದಶಕದ ಮೊದಲಲ್ಲಿ ದಕ್ಷಿಣ ಬೋಸ್ಟನ್ನಿನ ಒಬ್ಬ ತಂದೆ ಠಾಣೆಯೊಂದಕ್ಕೆ ಬಂದ. ಅವನ ಮಕ್ಕಳಿಗೆ ಸ್ನಾಯುಗಳು ದಿನೇದಿನೇ ಕ್ಷಯಿಸುವ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ ಕಾಯಿಲೆ. ಓಡಾಡಿಕೊಂಡಿದ್ದ ಮಗು ಮೆಟ್ಟಿಲು ಹತ್ತಲಾರದೆ ಕೂರುತ್ತದೆ, ಆಮೇಲೆ ಗಾಲಿಕುರ್ಚಿ ಹಿಡಿಯುತ್ತದೆ. ಔಷಧವಿರಲಿ, ಕಾಯಿಲೆಯ ಮೂಲವೇ ಆಗ ಯಾರಿಗೂ ತಿಳಿದಿರಲಿಲ್ಲ. ಸಂಶೋಧನೆಗೆ ಹಣ ಕೂಡಿಸಲು ನೆರವಾಗಿ ಎಂದು ಅವನು ಕೇಳಿದ. ಅಗ್ನಿಶಾಮಕರು ಬಡಾವಣೆಯ ಮನೆಮನೆಗೆ ಹೋಗಿ ಹಣ ಎತ್ತಿದರು. 1954ರಲ್ಲಿ ಮಾತೃಸಂಘ ಈ ಕಾಯಿಲೆಗೆ ಮದ್ದು ಸಿಗುವವರೆಗೂ ಜೊತೆಗಿರುತ್ತೇವೆಂದು ಮಾತು ಕೊಟ್ಟಿತು. ಬೂಟಿನಲ್ಲಿ ಹಣ ಕೂಡಿಸುವ ಅಭಿಯಾನ ಊರೂರಿಗೆ ಹಬ್ಬಿದ್ದು ಹೀಗೆ.

ಕೆಂಪು ದೀಪಕ್ಕೆ ವಾಹನಗಳು ನಿಂತಾಗ ಅಗ್ನಿಶಾಮಕರು ಸಾಲುಗಳ ನಡುವೆ ನಡೆದು ಬರುತ್ತಾರೆ. ಕೈಯಲ್ಲಿ ಡಬ್ಬಿಯಿಲ್ಲ, ರಸೀದಿ ಪುಸ್ತಕವಿಲ್ಲ. ಬೆಂಕಿಗೆ ಇಳಿಯುವಾಗ ತೊಡುವ ದಪ್ಪ ರಬ್ಬರಿನ ಬೂಟು ಮಾತ್ರ. ಕಾರಿನ ಗಾಜು ಇಳಿಯುತ್ತದೆ, ಒಂದು ನೋಟೋ ಹಿಡಿ ಚಿಲ್ಲರೆಯೋ ಬೂಟಿನೊಳಕ್ಕೆ ಬೀಳುತ್ತದೆ. ಆ ಬೂಟು ಏಕೆ ಬೇಕಾದೀತೆಂದು ಕೊಡುವವರಿಗೆ ಗೊತ್ತು. ತಮ್ಮ ಮನೆಗೆ ಬೆಂಕಿ ಬಿದ್ದ ದಿನ ಹೊಸ್ತಿಲು ದಾಟಿ ಒಳಗೆ ಬರುವ ಕಾಲಿನ ಬೂಟು ಅದು. ಹೀಗೆ ಕೂಡಿದ ಹಣ ಈವರೆಗೆ 60 ಕೋಟಿ ಡಾಲರ್ ದಾಟಿದೆ. ಕಾಯಿಲೆಯಿರುವ ಮಕ್ಕಳಿಗಾಗಿ ನಡೆಯುವ ಬೇಸಿಗೆ ಶಿಬಿರಗಳಲ್ಲಿ ಅಗ್ನಿಶಾಮಕರು ಸ್ವಯಂಸೇವಕರಾಗಿ ನಿಲ್ಲುತ್ತಾರೆ. ಜನ ಹೊರುವುದನ್ನು ಅಭ್ಯಾಸ ಮಾಡಿದ ತೋಳುಗಳು ಅಲ್ಲಿ ಮಕ್ಕಳನ್ನು ಕುರ್ಚಿಯಿಂದ ಎತ್ತಿ ನೀರಿಗಿಳಿಸುತ್ತವೆ. 1986ರಲ್ಲಿ ಈ ಕಾಯಿಲೆಯ ಮುಖ್ಯ ಬಗೆಯಾದ ಡುಷೆನ್‌ಗೆ ಕಾರಣವಾದ ವಂಶವಾಹಿಯನ್ನು ವಿಜ್ಞಾನಿ ಲೂಯಿ ಕುಂಕೆಲ್ ಮತ್ತು ಸಂಗಡಿಗರು ಗುರುತಿಸಿದರು. ಅವರ ಪ್ರಯೋಗಾಲಯವಿದ್ದದ್ದು ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ, ಆ ತಂದೆ ನೆರವು ಕೇಳಿದ ಊರಿನಲ್ಲೇ.

ಸೇವೆಯ ಉಳಿದ ಮುಖಗಳು ಊರಿಂದೂರಿಗೆ ಬೇರೆ. ಹಲವು ಲೋಕಲ್‌ಗಳು ಚಳಿಗಾಲಕ್ಕೆ ಮುಂಚೆ ಬಡ ಮಕ್ಕಳಿಗೆ ಕೋಟು ಹಂಚುತ್ತವೆ. ಬೇರೆಯವರು ಹಾಕಿ ಬಿಟ್ಟ ಹಳೆಯ ಕೋಟಲ್ಲ, ಹೊಚ್ಚ ಹೊಸದು; ಬಣ್ಣ ಆರಿಸುವ ಹಕ್ಕು ಮಗುವಿನದೇ. ಒಂಟಿ ವೃದ್ಧರ ಮನೆಗಳಿಗೆ ಹೋಗಿ ಹೊಗೆ ಸೂಚಕಗಳನ್ನು ಜೋಡಿಸಿ ಬರುವುದು, ರಕ್ತದಾನ ಶಿಬಿರ ನಡೆಸುವುದು, ಬೆಂಕಿಯಲ್ಲಿ ಮನೆ ಕಳೆದುಕೊಂಡವರಿಗೆ ಮೊದಲ ರಾತ್ರಿಯ ಖರ್ಚಿಗೆ ಹಣ ಕೊಡುವುದು, ಇವು ಸದ್ದಿಲ್ಲದೆ ನಡೆಯುತ್ತವೆ.

ಈ ಬಾಂಧವ್ಯದ ಆಳ ತಿಳಿಯುವುದು ಸಾವು ಬಂದಾಗ. 1972ರ ಜೂನ್ 17, ಶನಿವಾರ. ಬೋಸ್ಟನ್ನಿನ ಹಳೆಯ ವೆಂಡೋಮ್ ಹೋಟೆಲಿಗೆ ಹತ್ತಿದ ಬೆಂಕಿ ಹತೋಟಿಗೆ ಬಂದಿತ್ತು. ಅಳಿದುಳಿದ ಕಿಡಿ ನಂದಿಸುವ ಕೆಲಸ ಸಾಗಿತ್ತು. ಆಗ ಕಟ್ಟಡದ ಒಂದು ಮೂಲೆ ಐದೂ ಅಂತಸ್ತುಗಳೊಡನೆ ಕುಸಿಯಿತು. ಹಿಂದೆ ಎಂದೋ ಮಾಡಿದ ಮಾರ್ಪಾಟಿನಲ್ಲಿ ಭಾರ ಹೊರುವ ಕಂಬವೊಂದರ ಬುಡ ದುರ್ಬಲವಾಗಿತ್ತು. ಒಂಬತ್ತು ಮಂದಿ ಅಗ್ನಿಶಾಮಕರು ಸತ್ತರು. ಎಂಟು ಹೆಂಗಸರು ವಿಧವೆಯರಾದರು, 25 ಮಕ್ಕಳು ತಂದೆಯನ್ನು ಕಳೆದುಕೊಂಡರು. ಮರುದಿನ ಅಮೆರಿಕದಲ್ಲಿ ಅಪ್ಪಂದಿರ ದಿನ.

1997ರಲ್ಲಿ, ಕುಸಿದ ಜಾಗದ ಎದುರಿನ ಮರಗಳ ಸಾಲಿನಲ್ಲಿ ಸ್ಮಾರಕವೊಂದು ಎದ್ದಿತು. ಕಪ್ಪು ಗ್ರಾನೈಟಿನ ತಗ್ಗಾದ, ಬಾಗಿದ ಗೋಡೆ. ಅದರ ಮೇಲೆ ಕಂಚಿನಲ್ಲಿ ಎರಕ ಹೊಯ್ದ ಒಂದು ಕೋಟು, ಒಂದು ಹೆಲ್ಮೆಟ್. ಕೆಲಸ ಮುಗಿಸಿ ಬಂದವನು ಮೈ ಹಗುರ ಮಾಡಿಕೊಳ್ಳಲು ಕೋಟು ಕಳಚಿ ಗೋಡೆಗೆ ಹಾಕಿ ಇಲ್ಲೇ ಎಲ್ಲೋ ನೀರು ಕುಡಿಯಲು ಹೋಗಿರುವಂತೆ ಕಾಣುತ್ತದೆ. ಸೊಂಟದೆತ್ತರದ ಗೋಡೆಯಾದ್ದರಿಂದ ಹಾದಿಹೋಕರು ಕೈಚಾಚಿ ಕೋಟಿನ ಮಡಿಕೆಗಳನ್ನು ಮುಟ್ಟಬಹುದು.

ಕರ್ತವ್ಯದಲ್ಲಿ ಒಬ್ಬರು ಸತ್ತರೆ ಸಂಘವೇ ಮನೆಯ ಹಿರಿಯನಾಗುತ್ತದೆ. ಶವಪೆಟ್ಟಿಗೆ ಫೈರ್ ಎಂಜಿನ್ನಿನ ಮೇಲೆ ಸಾಗುತ್ತದೆ. ಸಹೋದ್ಯೋಗಿಗಳು ಶವಸಂಸ್ಕಾರಕ್ಕೆ ಹೋಗಲು ಅನುವಾಗಲೆಂದು ನೆರೆಯೂರಿನವರು ಬಂದು ಠಾಣೆ ಕಾಯುತ್ತಾರೆ. 1999ರ ಡಿಸೆಂಬರಿನಲ್ಲಿ ಬೋಸ್ಟನ್ನಿಗೆ ಹತ್ತಿರದ ವುಸ್ಟರ್‌ನ ಖಾಲಿ ಗೋದಾಮಿಗೆ ಬೆಂಕಿ ಬಿದ್ದಾಗ, ಒಳಗೆ ಸೂರಿಲ್ಲದ ಬಡವರು ಸಿಕ್ಕಿಕೊಂಡಿರಬಹುದೆಂದು ಹುಡುಕಲು ಹೋದ ಆರು ಮಂದಿ ಅಗ್ನಿಶಾಮಕರು ಹಿಂದಿರುಗಲಿಲ್ಲ. ಅವರ ಶ್ರದ್ಧಾಂಜಲಿ ಸಭೆಗೆ ದೂರದೂರದ ಲೋಕಲ್‌ಗಳಿಂದ ಸಾವಿರಾರು ಮಂದಿ ಸಮವಸ್ತ್ರದಲ್ಲಿ ಬಂದು ಚಳಿಯಲ್ಲಿ ನಿಂತರು. ಇಂಥ ಸಂದರ್ಭದಲ್ಲಿ ಐದೈದು ಬಡಿತದಂತೆ ಮೂರು ಸಲ ಗಂಟೆ ಬಾರಿಸುವ ಪದ್ಧತಿಯಿದೆ. ಬೆಂಕಿಯ ಸುದ್ದಿಯನ್ನು ತಂತಿಯ ಮೂಲಕ ಠಾಣೆಗೆ ಮುಟ್ಟಿಸುವ ವ್ಯವಸ್ಥೆ ಅಮೆರಿಕದಲ್ಲಿ ಮೊದಲು ಬಂದದ್ದು 1852ರಲ್ಲಿ, ಬೋಸ್ಟನ್ನಿನಲ್ಲೇ. ಆ ತಂತಿಯ ಕಾಲದ ಸಂಕೇತ ಈ ಗಂಟೆಯಲ್ಲಿ ಉಳಿದುಬಂದಿದೆ.

ಬೆಂಕಿಯಲ್ಲಿ ಸಾಯದವರನ್ನೂ ಬೆಂಕಿ ಸುಮ್ಮನೆ ಬಿಡುವುದಿಲ್ಲ. ಪ್ಲಾಸ್ಟಿಕ್ಕು, ಫೋಮು, ಬಣ್ಣ ಉರಿದ ಹೊಗೆಯ ವಿಷ ಮೈಗಿಳಿದು ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಕಾಯಿಲೆ ಕೆಲಸದಿಂದಲೇ ಬಂತೆಂದು ರೋಗಿಯೇ ರುಜುವಾತು ಮಾಡಬೇಕಾಗದಂತೆ ಕಾನೂನು ತರಲು ಸಂಘಗಳು ರಾಜ್ಯ ರಾಜ್ಯಗಳಲ್ಲಿ ಹೋರಾಡಿವೆ. ಒಂದು ಕಾಲಕ್ಕೆ ಮಸಿ ಹತ್ತಿದ ಕೋಟು ಹಳಬನ ಹೆಮ್ಮೆಯ ಗುರುತಾಗಿತ್ತು. ಈಗ ಅದನ್ನು ಒಗೆಯದೆ ಮತ್ತೆ ತೊಡಬೇಡಿರೆಂದು ಸಂಘವೇ ಹೇಳುತ್ತದೆ. ಕಣ್ಣೆದುರು ಸತ್ತ ಮಗುವಿನ ಮುಖ ಮರೆಯಲಾಗದೆ ನಿದ್ದೆಗೆಟ್ಟವರಿಗಾಗಿ ಮಾತೃಸಂಘ 2017ರಲ್ಲಿ ಮೇರಿಲ್ಯಾಂಡಿನಲ್ಲಿ ಚಿಕಿತ್ಸಾಕೇಂದ್ರ ತೆರೆಯಿತು. ನೊಂದವನ ಪಕ್ಕದಲ್ಲಿ ಕೂತು ಕೇಳುವ ತರಬೇತಿಯನ್ನು ಸಹೋದ್ಯೋಗಿಗಳಿಗೂ ಕೊಡಲಾಗುತ್ತಿದೆ.

ಸತ್ತವರನ್ನು ನೆನೆದು ಬದುಕಿರುವವರನ್ನು ಕಾಯುವ ಈ ರೂಢಿ ಭಾರತಕ್ಕೆ ಹೊಸದಲ್ಲ. 1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ಹತ್ತಿಯನ್ನೂ ಮದ್ದುಗುಂಡನ್ನೂ ಹೇರಿಕೊಂಡಿದ್ದ ಫೋರ್ಟ್ ಸ್ಟಿಕೀನ್ ಹಡಗಿಗೆ ಬೆಂಕಿ ಬಿದ್ದು ಸಿಡಿಯಿತು. ನಂದಿಸಲು ಹೋದ 66 ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ಕರ್ನಾಟಕದ ಠಾಣೆಗಳೂ ಸೇರಿದಂತೆ ದೇಶದ ಠಾಣೆಗಳೆಲ್ಲ ಪ್ರತಿವರ್ಷ ಅಂದಿನಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಸುತ್ತವೆ. ಮೊದಲು ಮೌನ, ಹೂಮಾಲೆ. ಆಮೇಲೆ ಸಿಬ್ಬಂದಿ ಶಾಲೆಗಳಿಗೆ, ವಸತಿ ಸಮುಚ್ಚಯಗಳಿಗೆ ಹೊರಡುತ್ತಾರೆ; ಹೊತ್ತಿದ ಗ್ಯಾಸ್ ಸಿಲಿಂಡರಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಬೆಂಕಿ ಆರಿಸುವುದನ್ನು ಮಾಡಿ ತೋರಿಸುತ್ತಾರೆ. ನೋಡುತ್ತಿದ್ದವರಲ್ಲೊಬ್ಬರನ್ನು ಮುಂದೆ ಕರೆದು, ಒದ್ದೆ ಬಟ್ಟೆಯನ್ನು ಅವರ ಕೈಗೇ ಕೊಡುತ್ತಾರೆ.